ಬೋರ್ಡಕ್ಕನ ಗೋಡೆ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಓದುವುದು ನನ್ನ ಚಿಕ್ಕಮ್ಮನ ಅಕ್ಷರ. ಬಸ್ ನಿಲ್ದಾಣದ ನೆತ್ತಿಯ ಮೇಲೆ ಊರಿನ ಹೆಸರನ್ನು ನೀಲಿ ಬಣ್ಣದಲ್ಲಿ ಬರೆದವಳು ಅವಳೇ. ಅಲ್ಲಿಂದ ಮುಂದೆ ಔಷಧಿ ಅಂಗಡಿ, ಕ್ಷೌರದಂಗಡಿ, ಹಿಟ್ಟಿನ ಗಿರಣಿ, ಶಾಲೆ, ಕಬ್ಬಿಣದ ಕಂಬಗಳ ಹಳೇ ಮಾರುಕಟ್ಟೆ, ಗುಡ್ಡದ ಮೇಲಿನ ನೀರಿನ ತೊಟ್ಟಿ, ಎಲ್ಲ ಕಡೆಯೂ ಅವಳದೇ ಕೈ. ಇಡೀ ಊರಿನ ಹಣೆಬರಹ ಬರೆದವಳು ನನ್ನ ಹೆಂಡತಿ ಎಂದು ಚಿಕ್ಕಪ್ಪ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ಊರಿನ ಬಾಯಲ್ಲಿ ಅವಳು ಬೋರ್ಡಕ್ಕ. ನಮ್ಮಮ್ಮನ ಒಡಹುಟ್ಟಿದ ತಂಗಿಯಾದ್ದರಿಂದ ನನಗೆ ಚಿಕ್ಕಮ್ಮ.

ಕಸುಬು ಮೊದಲು ಚಿಕ್ಕಪ್ಪನದಾಗಿತ್ತು. ಬಟ್ಟೆ ಗಿರಣಿಯ ಹೊರಗೋಡೆಗೆ ಬರೆಯುವಾಗ ಅವನು ಮೇಲೆ ನಿಲ್ಲಲು ಕಟ್ಟಿದ್ದ ಮರದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಒಪ್ಪಿಕೊಂಡ ಕೆಲಸಗಳು ಅರ್ಧಕ್ಕೆ ನಿಂತಿದ್ದವು. ಚಿಕ್ಕಮ್ಮ ಯಾರನ್ನೂ ಕೇಳಲಿಲ್ಲ. ಅವನ ಡಬ್ಬಗಳನ್ನು ಎತ್ತಿಕೊಂಡು ಹೋಗಿ ಹಿಟ್ಟಿನ ಗಿರಣಿಯ ಮುಂದೆ ಏಣಿ ಹಾಕಿದಳು. ಎದುರಿನ ಕ್ಷೌರಿಕ ಬಾಗಿಲಿಗೆ ಬಂದು, ಹೆಂಗಸು ಮೇಲೆ ಹತ್ತಿದರೆ ನಾವೆಲ್ಲ ತಲೆ ಎತ್ತೋ ಹಾಗೇ ಇಲ್ಲವಲ್ಲ ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದ. ತಲೆ ತಗ್ಗಿಸಿಕೊಂಡೇ ಕೆಲಸ ಮಾಡಪ್ಪ, ಇಲ್ಲದಿದ್ದರೆ ಗಿರಾಕಿಯ ಕಿವಿ ಹೋದೀತು ಎಂದು ಅವಳು ಮೇಲಿನಿಂದಲೇ ಅಂದಳು. ಮಾರನೆಯ ದಿನ ಚಿಕ್ಕಪ್ಪನ ಪ್ಯಾಂಟು ತೊಟ್ಟು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹೋದಳು. ಆಮೇಲೆ ನಮ್ಮೂರಿನಲ್ಲಿ ಅವಳನ್ನು ಬೇರೆ ಉಡುಪಿನಲ್ಲಿ ನೋಡಿದವರು ಕಡಿಮೆ. ಚಿಕ್ಕಪ್ಪ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು, ಕೊಂಬು ಸೊಟ್ಟಗಾಯಿತು, ಒತ್ತು ಕೆಳಗಿಳಿಯಿತು ಎಂದು ಕೂಗುತ್ತಿದ್ದ. ಅವನು ತೀರಿಕೊಳ್ಳುವ ಹೊತ್ತಿಗೆ ಅವಳ ಅಕ್ಷರ ಅವನದಕ್ಕಿಂತ ಗಟ್ಟಿಯಾಗಿತ್ತು. ಅದನ್ನು ಅವನೇ ಒಪ್ಪಿಕೊಂಡಿದ್ದ.

ಅವಳ ಮನೆ ಇದ್ದದ್ದು ಸೇತುವೆಯ ಬಾಯಲ್ಲಿ. ಅದು ನಮ್ಮಮ್ಮನ ತಾಯಿ, ನನ್ನ ಅಜ್ಜಿಯ ಕಡೆಯಿಂದ ಬಂದ ಮನೆ. ಅಜ್ಜಿಯೂ ಅವಳ ಜೊತೆಗೇ ಇದ್ದಳು. ನಮ್ಮೂರಿನಲ್ಲಿ ನೋಡುವಂಥದ್ದು ಏನಾದರೂ ಇದ್ದರೆ ಆ ಸೇತುವೆ. ಐದು ಕಮಾನಿನ ಕಲ್ಲುಸೇತುವೆ. ನದಿ ಊರನ್ನು ಎರಡು ಹೋಳು ಮಾಡಿ ಹರಿಯುತ್ತದೆ. ಆಚೆ ದಡದಲ್ಲಿ ಹೊಲಗಳು, ಈಚೆ ದಡದಲ್ಲಿ ಮಾರುಕಟ್ಟೆ. ಹಿಂದೆ ದಾಟುವುದಕ್ಕೆ ದೋಣಿ ಬಿಟ್ಟು ಬೇರೆ ದಾರಿಯಿರಲಿಲ್ಲ. ದೋಣಿ ಊರಿನ ಸಾಹುಕಾರರಾದ ದೊಡ್ಡಮನೆಯವರದು, ಸುಂಕವೂ ಅವರದೇ. ಬೆಳೆ ಬಂದ ಕಾಲಕ್ಕೆ ಸರಿಯಾಗಿ ಸುಂಕ ಏರಿಸುತ್ತಿದ್ದರು. ಜನಕ್ಕೆ ಸಾಕಾಗಿ ಸೇತುವೆ ಕಟ್ಟುತ್ತೇವೆ ಎಂದಾಗ, ಕಲ್ಲುಗಣಿ ನಮ್ಮದು, ಒಂದು ಚೂರೂ ಕೊಡುವುದಿಲ್ಲ ಎಂದರು. ಆಗ ಹಳೇ ಬೀದಿಯವರು ತಮ್ಮ ಮನೆಯ ಮುಂದಿನ ಮೆಟ್ಟಿಲು ಕಿತ್ತರು. ಆಮೇಲೆ ಹೊಸ್ತಿಲು, ಬಟ್ಟೆ ಒಗೆಯುವ ಕಲ್ಲು, ಬೀಸುವ ಕಲ್ಲು, ಹಿತ್ತಲ ಗೋಡೆ. ಇವತ್ತಿಗೂ ಆ ಬೀದಿಯ ಮನೆಗಳಿಗೆ ಹತ್ತಲು ಮರದ ಹಲಗೆಗಳೇ. ಸೇತುವೆಯ ಮೇಲೆ ನಿಂತು ಪಕ್ಕದ ಗೋಡೆ ನೋಡಿದರೆ ಒಂದು ಕಲ್ಲಿನ ಹಾಗೆ ಇನ್ನೊಂದಿಲ್ಲ: ಒಂದು ಕೆಂಪು, ಒಂದು ಬೂದಿ ಬಣ್ಣ, ಒಂದು ಕಾಲು ಸವೆಸಿ ನಡುವೆ ಕುಳಿಬಿದ್ದದ್ದು.

ಈ ಕಥೆ ಊರಿನವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಯಾರೂ ಬರೆದಿಡಲಿಲ್ಲ.

ಬಟ್ಟೆ ಗಿರಣಿ ಮುಚ್ಚಿದ ಮೇಲೆ ಊರು ತಲೆ ಮೇಲೆ ಕೈ ಹೊತ್ತು ಕೂತಿತು. ನಮ್ಮಪ್ಪ ಅಲ್ಲಿ ಮೇಸ್ತ್ರಿಯಾಗಿದ್ದರು. ಕೆಲಸ ಹೋದ ದಿನವೂ ಇಸ್ತ್ರಿ ಅಂಗಿ ಹಾಕಿಕೊಂಡೇ ಮನೆಗೆ ಬಂದರು. ಅಮ್ಮ ನಮ್ಮ ಮಹಡಿಯ ಕೋಣೆಗಳನ್ನು ತೊಳೆದು, ಮಂಚ ಹಾಕಿಸಿ ವಸತಿಗೃಹ ಮಾಡಿದಳು. ನಾನು ಕೆಳಗೆ ಮೇಜಿನ ಹಿಂದೆ ಕೂತು ಬೀಗದ ಕೈ ಕೊಡುವವಳಾದೆ. ಕೊಡುವುದಕ್ಕೆ ಜನ ಬರಬೇಕಲ್ಲ. ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಚಿಕ್ಕಮ್ಮ ಆ ವರ್ಷ ಅತಿ ಹೆಚ್ಚು ಬರೆದದ್ದು ‘ಬಾಡಿಗೆಗೆ ಇದೆ’ ಎಂಬ ಬೋರ್ಡು.

ಅಪ್ಪ ಸುಮ್ಮನೆ ಕೂರುವ ಆಸಾಮಿಯಲ್ಲ. ನಾಲ್ಕು ಜನರನ್ನು ಕೂಡಿಸಿ ಸೇತುವೆ ಸಮಿತಿ ಕಟ್ಟಿದರು, ತಾವೇ ಅಧ್ಯಕ್ಷರಾದರು. ಹೊರಗಿನವರನ್ನು ಊರಿಗೆ ಎಳೆಯುವುದು ಅವರ ಯೋಚನೆ. ದೊಡ್ಡಮನೆಯ ಮೊಮ್ಮಗ ದೂರದ ನಗರದಲ್ಲಿ ದೊಡ್ಡ ವ್ಯಾಪಾರಿಯಾಗಿದ್ದ. ಅವನನ್ನು ಕಂಡು ಬಂದರು. ಸೇತುವೆಯ ಉದ್ದಕ್ಕೂ ದೀಪದ ಕಂಬ ಹಾಕಿಸಿಕೊಡುತ್ತೇನೆ ಎಂದನಂತೆ. ಜೊತೆಗೆ ಒಂದು ಕಥೆಯನ್ನೂ ಕೊಟ್ಟು ಕಳಿಸಿದ.

ಆ ಕಥೆ ಹೀಗೆ: ದೊಡ್ಡಮನೆಯ ಹಿರಿಯರೊಬ್ಬರಿಗೆ ಹೆಂಡತಿಯ ಮೇಲೆ ಎಲ್ಲಿಲ್ಲದ ಪ್ರೀತಿ. ಆಕೆಗೆ ದೋಣಿ ಎಂದರೆ ಭಯ. ಅದಕ್ಕೇ ಅವರು ಈ ಸೇತುವೆ ಕಟ್ಟಿಸಿದರು. ಆಕೆಯ ಒಂದೊಂದು ಉಡುಪಿನ ಬಣ್ಣಕ್ಕೆ ಒಂದೊಂದು ಕಲ್ಲನ್ನು ದೇಶದೇಶದಿಂದ ತರಿಸಿದರು.

ಅಪ್ಪ ಅದನ್ನು ಬೋರ್ಡಿಗೆ ಬರೆಸಲು ಚಿಕ್ಕಮ್ಮನ ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ಅವಳು ಅಂಗಳದಲ್ಲಿ ಕೂತು ಸೀಮೆಎಣ್ಣೆಯಲ್ಲಿ ಕುಂಚ ತೊಳೆಯುತ್ತಿದ್ದಳು. ಅಪ್ಪ ಓದಿ ಮುಗಿಸುವವರೆಗೂ ತಲೆ ಎತ್ತಲಿಲ್ಲ.

“ಕೇಳೋಕೆ ಚೆನ್ನಾಗಿದೆ ಭಾವ,” ಎಂದಳು. “ನಾನು ಬರೆಯಲ್ಲ.”

ಅಪ್ಪ ಮೊದಲು ತಮಾಷೆ ಎಂದುಕೊಂಡರು. ಆಮೇಲೆ ಸಮಾಧಾನ ಹೇಳಿದರು. ಒಂದು ಕಥೆಯಿಂದ ಊರಿನ ಒಲೆ ಉರಿಯುವುದಾದರೆ ಯಾರ ಗಂಟು ಹೋಗುತ್ತದೆ ಎಂದರು. ಅವಳು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಕೊನೆಗೆ ಅವರಿಗೂ ಸಿಟ್ಟು ಬಂತು.

“ಸೋಪಿನ ಬೋರ್ಡಲ್ಲಿ ‘ಹಾಲಿಗಿಂತ ಬಿಳುಪು’ ಅಂತ ಬರೆದೆಯಲ್ಲಮ್ಮ, ಅದೇನು ನಿಜಾನಾ?”

“ಸೋಪಿನವನು ತನ್ನ ಸೋಪಿನ ಬಗ್ಗೆ ತಾನು ಸುಳ್ಳು ಹೇಳ್ಕೊಂಡ. ಇದು ಹಾಗಲ್ಲ ಭಾವ. ಮೆಟ್ಟಿಲು ಕಿತ್ತು ಹೊತ್ತೋರು ಒಬ್ಬರು, ಹೆಸರು ಮಾತ್ರ ಸೇತುವೆ ಬೇಡ ಅಂದೋರಿಗೆ. ನನ್ನ ಕೈಲಿ ಆಗಲ್ಲ.”

ನಿನ್ನ ಕೈಲಿ ಆಗದಿದ್ದರೆ ಯಂತ್ರದ ಕೈಲಿ ಆಗುತ್ತದೆ ಎಂದು ಅಪ್ಪ ಎದ್ದು ಬಂದರು. ವಾರ ಕಳೆಯುವುದರೊಳಗೆ ಪಕ್ಕದ ಪಟ್ಟಣದಿಂದ ಆಳೆತ್ತರದ ಫ್ಲೆಕ್ಸ್ ಬೋರ್ಡು ಬಂತು. ಅದರಲ್ಲಿ ಗುಲಾಬಿ ಹೂವು, ಗುಲಾಬಿ ಆಕಾಶ, ಗುಲಾಬಿ ಅಕ್ಷರ. ಸುಳ್ಳು ಹೇಳಬಾರದು, ಅದು ಫಲ ಕೊಟ್ಟಿತು. ಹೊಸದಾಗಿ ಮದುವೆಯಾದ ಜೋಡಿಗಳು ಬರತೊಡಗಿದವು. ನಡುಗಮಾನಿನ ಮೇಲೆ ನಿಂತು ಫೋಟೊ ತೆಗೆಸಿಕೊಂಡವು, ನಮ್ಮ ಮಹಡಿಯ ಕೋಣೆಗಳಲ್ಲಿ ತಂಗಿದವು. ಮಾರುಕಟ್ಟೆಯಲ್ಲಿ ಎರಡು ಅಂಗಡಿಗಳ ಬಾಗಿಲು ಮತ್ತೆ ತೆರೆಯಿತು. ಅಮ್ಮನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಕಂಡಿತು.

ಒಂದು ಬೆಳಿಗ್ಗೆ ಸೇತುವೆ ದಾಟುತ್ತಿದ್ದವರೆಲ್ಲ ಚಿಕ್ಕಮ್ಮನ ಮನೆಯ ಮುಂದೆ ನಿಲ್ಲುತ್ತಿದ್ದರು. ಸೇತುವೆಗೆ ಮುಖಮಾಡಿದ ಅವಳ ಮನೆಯ ಪಕ್ಕದ ಗೋಡೆಗೆ ಬಿಳಿ ಬಳಿದು, ಅದರ ಮೇಲೆ ಕಪ್ಪು ಬಣ್ಣದಲ್ಲಿ ಅವಳು ಬರೆದಿದ್ದಳು: ಈ ಸೇತುವೆಯನ್ನು ದೊಡ್ಡಮನೆಯವರು ಕಟ್ಟಿಸಲಿಲ್ಲ. ಅವರು ತಡೆದರು. ಹಳೇ ಬೀದಿಯ ಜನ ತಮ್ಮ ಮನೆಯ ಮೆಟ್ಟಿಲು, ಹೊಸ್ತಿಲು, ಬೀಸುವ ಕಲ್ಲು ಕಿತ್ತು ತಂದು ಕಟ್ಟಿದರು. ಕಲ್ಲುಗಳನ್ನು ಮುಟ್ಟಿ ನೋಡಿ.

ಹೂವಿಲ್ಲ, ಬಳ್ಳಿಯಿಲ್ಲ, ಅಂಚೂ ಇಲ್ಲ. ನದಿಯ ಆಚೆ ದಡದಿಂದಲೂ ಓದಬಹುದಿತ್ತು.

ಸಮಿತಿ ಮಾರುಕಟ್ಟೆಯಲ್ಲಿ ಸಭೆ ಕರೆಯಿತು. ಅಂಗಡಿಯವರು ಒಬ್ಬರಾದ ಮೇಲೆ ಒಬ್ಬರು ಎದ್ದು, ಊರಿನ ಅನ್ನಕ್ಕೆ ಮಣ್ಣು ಹಾಕಬೇಡ ಎಂದರು. ಕೆಲವರು ಬೇಡಿಕೊಂಡರು, ಕೆಲವರು ಬೈದರು. ಚಿಕ್ಕಮ್ಮ ಕಂಬಕ್ಕೆ ಒರಗಿ ನಿಂತು, ಗೋಡೆ ನನ್ನದು, ಬಣ್ಣ ನನ್ನದು, ಬರೆದದ್ದರಲ್ಲಿ ಸುಳ್ಳು ಯಾವುದು ಹೇಳಿ, ಅಳಿಸುತ್ತೇನೆ ಎಂದಳು. ಆಗ ಅಪ್ಪ ಎದ್ದರು. ಅವರ ಮುಖ ಕೆಂಪಗಾಗಿತ್ತು.

“ನಿಜ ನಿಜ ಅಂತೀಯಲ್ಲ. ಹಳೇ ಬೀದಿ ಕಡೇಲಿ ಕಲ್ಲಿನ ಮೆಟ್ಟಿಲು ಉಳಿದಿರೋದು ಯಾರ ಮನೆಗೆ? ಅದನ್ನ ಯಾಕೆ ಬರೀಲಿಲ್ಲ?”

ಅದೂ ಎಲ್ಲರಿಗೂ ಗೊತ್ತಿದ್ದ ವಿಷಯ. ಊರು ಮರ್ಯಾದೆಗೆಂದು ಬಾಯಿಗೆ ಬೀಗ ಹಾಕಿಕೊಂಡಿತ್ತು, ಅಷ್ಟೆ. ಕಲ್ಲಿನ ಮೆಟ್ಟಿಲು ಉಳಿದದ್ದು ಚಿಕ್ಕಮ್ಮನ ಮನೆಗೇ. ಅದು ದೊಡ್ಡಮನೆಯ ಸುಂಕದವನ ಮನೆ. ದೋಣಿಯ ಹತ್ತಿರ ಕೋಲು ಹಿಡಿದು ನಿಂತು ಸುಂಕ ವಸೂಲು ಮಾಡುತ್ತಿದ್ದವನು ಅಜ್ಜಿಯ ತಾತ. ಅವನು ಒಂದು ಕಲ್ಲನ್ನೂ ಕೊಡಲಿಲ್ಲ. ಅಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ನಡುಗಮಾನಿನ ಕೆಲಸ ಯಾವಾಗ, ಅದನ್ನು ಹೊತ್ತ ಮರದ ಆಸರೆ ಎಲ್ಲಿ ಸಡಿಲ ಎಂದು ದೊಡ್ಡಮನೆಗೆ ಸುದ್ದಿ ಮುಟ್ಟಿಸಿದವನೂ ಅವನೇ. ದೊಡ್ಡಮನೆಯ ಆಳುಗಳು ಆ ಆಸರೆ ಕಡಿದರು. ಕಮಾನು ಕುಸಿಯಿತು. ಕೆಳಗೆ ಕೆಲಸ ಮಾಡುತ್ತಿದ್ದ ಅಣ್ಣತಮ್ಮಂದಿರಿಬ್ಬರು ಕಲ್ಲಿನಡಿ ಸತ್ತರು. ಊರವರು ಹೆಣ ಎತ್ತಿ, ಮಾರನೆಯ ತಿಂಗಳೇ ಮತ್ತೆ ಕಮಾನು ಕಟ್ಟಲು ಹಿಡಿದರು.

ಅಪ್ಪ ಆಡಿದ ಮಾತು ಅವರ ಹೆಂಡತಿಯ ಮನೆತನಕ್ಕೂ ತಗುಲಿತು. ಅದು ಅವರಿಗೆ ಆಡಿದ ಮೇಲೆ ಹೊಳೆಯಿತೆಂದು ಕಾಣುತ್ತದೆ. ಅಮ್ಮ ಎದ್ದು ಯಾರ ಮುಖವನ್ನೂ ನೋಡದೆ ಹೊರಗೆ ಹೋದಳು.

“ಸರಿ ಭಾವ,” ಎಂದಳು ಚಿಕ್ಕಮ್ಮ. “ಅದನ್ನೂ ಬರೀತೀನಿ. ಗೋಡೇಲಿ ಜಾಗ ಇದೆ.”

ಬರೆದೇಬಿಟ್ಟಳು. ಅದೇ ಅಳತೆಯ ಅಕ್ಷರ, ಕೂದಲೆಳೆಯಷ್ಟೂ ಚಿಕ್ಕದಿಲ್ಲ: ಈ ಮನೆಗೆ ಮಾತ್ರ ಕಲ್ಲಿನ ಮೆಟ್ಟಿಲು ಉಳಿದಿದೆ. ಸುಂಕದವನ ಮನೆಯಿದು. ಅವನು ಸುಳಿವು ಕೊಟ್ಟದ್ದರಿಂದ ದೊಡ್ಡಮನೆಯವರು ನಡುಗಮಾನು ಕೆಡವಿದರು. ಅಣ್ಣತಮ್ಮಂದಿರಿಬ್ಬರು ಸತ್ತರು. ಜನ ಮತ್ತೆ ಕಟ್ಟಿದರು.

ಅಮ್ಮ ಆ ದಿನ ಚಿಕ್ಕಮ್ಮನ ಅಂಗಳಕ್ಕೆ ಹೋಗಿ ಬೈದದ್ದು ಇಡೀ ಬೀದಿಗೆ ಕೇಳಿತು. ನಾಳೆ ನನ್ನ ಮಗಳು ಈ ಊರಲ್ಲಿ ಹೇಗೆ ತಲೆ ಎತ್ತಿ ಓಡಾಡಬೇಕು ಎಂದಳು. ಚಿಕ್ಕಮ್ಮ ಏಣಿಯಿಂದ ಇಳಿಯದೆ, “ಇಷ್ಟು ದಿನ ಓಡಾಡಿದ ಹಾಗೇ ಅಕ್ಕ. ಇಷ್ಟು ದಿನಾನೂ ಎಲ್ಲರಿಗೂ ಗೊತ್ತಿತ್ತು,” ಎಂದಳು. ಅಮ್ಮ ಅವಳ ಜೊತೆ ಮಾತು ಬಿಟ್ಟಳು. ಸಭೆಯಲ್ಲಿ ಬಾಯಿ ಹರಿಯಬಿಟ್ಟದ್ದಕ್ಕೆ ಅಪ್ಪನ ಜೊತೆಗೂ ಬಿಟ್ಟಳು. ಊಟಕ್ಕೆ ಬಾ ಅನ್ನು ಎಂದು ಅಮ್ಮ ನನಗೆ ಹೇಳುವುದು, ಉಪ್ಪು ಕಡಿಮೆ ಅನ್ನು ಎಂದು ಅಪ್ಪ ನನಗೆ ಹೇಳುವುದು. ಹೀಗೆ ಇಬ್ಬರ ನಡುವೆ ನಾನೇ ಟಪಾಲಾದೆ.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಗೋಡೆಯ ಮೇಲೆ ಏನಿದೆ ಎಂದು ಯಾರೋ ಹೇಳಿದ ಮೇಲೆ ಅವಳು ಮಗಳು ಕೊಟ್ಟ ಟೀ ಕುಡಿಯುವುದನ್ನೂ ನಿಲ್ಲಿಸಿದಳು. ತಾತನ ತೊಡೆಯ ಮೇಲೆ ಕೂತು ಬೆಳೆದವಳು ಅವಳು. ಅವಳ ಪಾಲಿಗೆ ಅವನು ನದಿಯಲ್ಲಿ ಈಜು ಕಲಿಸಿದ ತಾತ. ಎರಡು ಹೊತ್ತು ತಾನೇ ಬೇಯಿಸಿಕೊಂಡು, ಮಗಳಿಗೆ ಬೆನ್ನು ಹಾಕಿ ತಿನ್ನುತ್ತಿದ್ದಳು.

ದೊಡ್ಡಮನೆಯ ಮೊಮ್ಮಗ ದೀಪ ಹಚ್ಚಲು ಬರುವ ದಿನ ಗೊತ್ತಾಯಿತು. ಅದಕ್ಕೆ ಮೊದಲು ಗೋಡೆಯನ್ನು ಅಳಿಸಿಬಿಡಬೇಕೆಂದು ಸಮಿತಿ ನಿಶ್ಚಯಿಸಿತು. ಚಿಕ್ಕಮ್ಮ ಬೇರೆ ಊರಿಗೆ ಕೆಲಸಕ್ಕೆ ಹೋದ ದಿನ ನೋಡಿ ಸುಣ್ಣ ಬಳಿಯುವವನನ್ನು ಕಳಿಸಿದರು. ಅವನು ಮಾತು ಕಡಿಮೆಯ, ಗಟ್ಟಿಮುಟ್ಟಾದ ಗಂಡಸು. ಬಕೆಟ್ಟು ಇಳಿಸಿ ನೋಡುತ್ತಾನೆ, ಗೋಡೆಗೆ ಬೆನ್ನು ಕೊಟ್ಟು ಅಜ್ಜಿ ಕುರ್ಚಿಯಲ್ಲಿ ಕೂತಿದ್ದಾಳೆ. ನಾನು ಅಜ್ಜಿಗೆ ಔಷಧಿ ತಂದವಳು ಅಲ್ಲೇ ಇದ್ದೆ.

ಅಜ್ಜಿ, ಪಕ್ಕಕ್ಕೆ ಕೂತ್ಕೊಳ್ಳಿ, ನನಗೆ ಕೂಲಿ ಕೊಟ್ಟು ಕಳಿಸಿದ್ದಾರೆ ಎಂದ ಅವನು.

“ನನ್ನ ತಾತನ ಮಾನ ತೆಗೆದಿದ್ದಾಳೆ ನನ್ನ ಮಗಳು,” ಎಂದಳು ಅಜ್ಜಿ. “ಅವಳಿಗೆ ಬೈಯೋದಿದ್ದರೆ ನಾನು ಬೈತೀನಿ. ಗೋಡೆ ನಂದು. ನನ್ನ ಕೇಳದೆ ಇದಕ್ಕೆ ಸುಣ್ಣ ಬಳಿಯೋಕೆ ಅವರು ಯಾರು?”

ಅವನು ತಲೆ ಕೆರೆದುಕೊಂಡ. ಅಜ್ಜಿ ಅವನ ಮುಖವನ್ನೇ ನೋಡುತ್ತ, “ನನಗೆ ಓದೋಕೆ ಬರಲ್ಲ. ಬಳಿಯೋ ಮುಂಚೆ ಏನಿದೆ ಅಂತ ಒಂದು ಸಲ ಓದಿ ಹೇಳು,” ಎಂದಳು.

ಅವನು ಅಕ್ಷರ ಕೂಡಿಸಿ ಕೂಡಿಸಿ ಓದಿದ. ಮೇಲಿನ ಸಾಲುಗಳನ್ನು ಓದಿ, ಸುಂಕದವನ ಸಾಲಿಗೆ ಬಂದ. ಅಣ್ಣತಮ್ಮಂದಿರಿಬ್ಬರು ಎಂಬಲ್ಲಿ ಅವನ ದನಿ ನಿಂತಿತು. ಸತ್ತವರಲ್ಲಿ ಹಿರಿಯವನು ಅವನ ಮುತ್ತಾತ. ಅಜ್ಜಿಗೆ ಅದು ಗೊತ್ತಿತ್ತು. ಅವನಿಗೆ ಓದಲು ಹೇಳುವಾಗಲೇ ಗೊತ್ತಿತ್ತು.

ಸುಣ್ಣ ಬಳಿಯುವವನು ಬಕೆಟ್ಟು ಎತ್ತಿಕೊಂಡ. ಇವತ್ತು ಬೇರೆ ಕಡೆ ಕೆಲಸವಿದೆ ಎಂದು ಹೇಳಿ ಹೊರಟುಹೋದ. ಆ ಬೇರೆ ಕಡೆಯ ಕೆಲಸ ಅವನಿಗೆ ಮುಗಿಯಲೇ ಇಲ್ಲ. ಸಂಜೆ ಚಿಕ್ಕಮ್ಮ ಬಂದಾಗ ಅಜ್ಜಿ ಅವಳಿಗೆ ಬಾಯಿತುಂಬ ಬೈದು, ಆಮೇಲೆ ಅವಳು ಮಾಡಿದ ಟೀ ಕುಡಿದಳು.

ದೀಪ ಹಚ್ಚುವ ದಿನ ಬೇರೆ ದಾರಿ ಕಾಣದೆ ಸಮಿತಿಯವರು ಗೋಡೆಗೆ ಒಂದು ದೊಡ್ಡ ಪರದೆ ಇಳಿಬಿಟ್ಟರು. ಚಿಕ್ಕಮ್ಮ ಅವರು ಕಟ್ಟುವವರೆಗೂ ಬಾಗಿಲಲ್ಲಿ ನಿಂತು ನೋಡಿದಳು. ಅತಿಥಿಗಳ ಕಾರು ಬಂದು ನಿಂತ ಮೇಲೆ, ಎಲ್ಲರೆದುರಿಗೆ ಕತ್ತರಿ ತಂದು ಹಗ್ಗ ಕತ್ತರಿಸಿದಳು. ಬಟ್ಟೆ ಅವಳ ಕಾಲಬುಡಕ್ಕೆ ಬಿತ್ತು. ಅವಳು ಅದನ್ನು ಮಡಚಿ ಅಪ್ಪನ ಕೈಗೆ ಕೊಟ್ಟಳು.

ಮೊಮ್ಮಗ ಒಳ್ಳೆಯ ಬಟ್ಟೆ ತೊಟ್ಟ, ಮೆಲುದನಿಯ ಮನುಷ್ಯ. ಗೋಡೆಯನ್ನು ಪೂರ್ತಿ ಓದಿದ.

“ನಮ್ಮ ಮನೆತನದ ಬಗ್ಗೆ ಹೀಗೆ ಬರೆಯೋಕೆ ನಿಮಗೆ ಅಧಿಕಾರ ಕೊಟ್ಟೋರು ಯಾರು?”

“ನಮ್ಮ ಮನೆತನದ ಬಗ್ಗೆನೂ ಬರೆದಿದ್ದೀನಿ. ಕೆಳಗಿನ ಸಾಲು ನೋಡಿ,” ಎಂದಳು ಚಿಕ್ಕಮ್ಮ. “ಅದಕ್ಕೂ ಯಾರೂ ಅಧಿಕಾರ ಕೊಟ್ಟಿಲ್ಲ.”

ಆ ಹೊತ್ತಿಗೆ ಸೇತುವೆಯ ಒಂದೇ ಮಗ್ಗುಲಿಗೆ ಕಂಬ ನೆಟ್ಟಿದ್ದರು. ಅವನು ಆ ದೀಪಗಳನ್ನಷ್ಟೇ ಹಚ್ಚಿ, ಕಾಫಿಯನ್ನೂ ಕುಡಿಯದೆ ಹೋದ. ಇನ್ನೊಂದು ಮಗ್ಗುಲಿನ ಕಂಬಗಳು ಬರಲೇ ಇಲ್ಲ. ಇವತ್ತಿಗೂ ನಮ್ಮ ಸೇತುವೆಗೆ ಒಂದೇ ಕಡೆ ಬೆಳಕು.

ಆಮೇಲಿನ ವರ್ಷಗಳು ಚಿಕ್ಕಮ್ಮನಿಗೆ ಸುಲಭವಾಗಿರಲಿಲ್ಲ. ಊರಿನಲ್ಲಿ ಯಾರೂ ಅವಳಿಂದ ಬೋರ್ಡು ಬರೆಸಲಿಲ್ಲ. ಮಾರುಕಟ್ಟೆಯಲ್ಲಿ ಅವಳು ನಿಂತರೆ ಮಾತು ನಿಲ್ಲುತ್ತಿತ್ತು. ಬಣ್ಣದ ಡಬ್ಬ ಹೊತ್ತು ಬೆಳಗಿನ ಬಸ್ಸಿಗೆ ಪಕ್ಕದ ಊರುಗಳಿಗೆ ಹೋಗಿ, ಲಾರಿಗಳ ಹಿಂದೆ, ಶಾಲೆಗಳ ಗೋಡೆಗೆ, ಬಾವಿಕಟ್ಟೆಗೆ ಬರೆದು ಹೊಟ್ಟೆ ಹೊರೆದಳು. ನಾನೊಮ್ಮೆ, ಇಷ್ಟೆಲ್ಲ ಬೇಕಿತ್ತಾ ಚಿಕ್ಕಮ್ಮ ಎಂದು ಕೇಳಿದೆ. ಬೇಕಿತ್ತು ಎಂದಳು. ಆ ಮಾತನ್ನು ಅಲ್ಲಿಗೇ ಬಿಟ್ಟು, ಪಕ್ಕದೂರಿನ ಬಣ್ಣದಂಗಡಿಯವನು ಬಣ್ಣದ ಎಣ್ಣೆಗೆ ಸೀಮೆಎಣ್ಣೆ ಬೆರೆಸುವುದರ ಬಗ್ಗೆ ಬೈಯತೊಡಗಿದಳು.

ಜನ ಬರುವುದು ಮಾತ್ರ ನಿಲ್ಲಲಿಲ್ಲ. ಫ್ಲೆಕ್ಸ್ ಬೋರ್ಡಿನ ಗುಲಾಬಿ ಬಿಸಿಲಿಗೆ ಬಿಳಿಚಿಕೊಂಡು, ಆಮೇಲೆ ಹರಿದು ನೇತಾಡಿತು. ಬದಲಾಯಿಸಲು ಸಮಿತಿಯಲ್ಲಿ ಯಾರಿಗೂ ಉತ್ಸಾಹವಿರಲಿಲ್ಲ. ಬಂದವರು ಚಿಕ್ಕಮ್ಮನ ಗೋಡೆ ಓದಿ, ಸೇತುವೆಯ ಪಕ್ಕದ ಗೋಡೆಯ ಮೇಲೆ ಕೈಯಾಡಿಸುತ್ತ ನಡೆಯುತ್ತಿದ್ದರು. ಬೀಸುವ ಕಲ್ಲು ಎಲ್ಲಿದೆ, ಸವೆದ ಮೆಟ್ಟಿಲು ಯಾವುದು ಎಂದು ಹುಡುಕುತ್ತಿದ್ದರು. ಹಳೇ ಬೀದಿಯ ಮುದುಕಿಯರು ಹಲಗೆಯ ಮೇಲೆ ಕೂತು, ಕೆಂಪು ಕಲ್ಲು ನಮ್ಮ ಮನೆಯದು, ಅದರ ಪಕ್ಕದ್ದು ನಮ್ಮ ಓರಗಿತ್ತಿಯ ಮನೆಯದು ಎಂದು ತೋರಿಸುತ್ತಿದ್ದರು. ಹೀಗೆ ತೋರಿಸುವಾಗ ಕಲ್ಲಿಗಾಗಿ ಜಗಳಗಳೂ ಆದವು. ಬೂದಿ ಬಣ್ಣದ ಒಂದು ಹೊಸ್ತಿಲನ್ನು ಎರಡು ಮನೆಯವರು ನಮ್ಮದೆನ್ನುತ್ತಾರೆ. ಆ ಜಗಳ ಇನ್ನೂ ಮುಗಿದಿಲ್ಲ.

ವಸತಿಗೃಹಕ್ಕೆ ಬಂದವರು ಅಮ್ಮನನ್ನೂ ಕೇಳುತ್ತಿದ್ದರು: ಸುಂಕದವನ ಮನೆಯವರು ಯಾರಾದರೂ ಈಗ ಇದ್ದಾರಾ ಎಂದು. ಅಮ್ಮ ಮೊದಮೊದಲು ಕಿವಿ ಕೇಳದವಳಂತೆ ಒಳಗೆ ಹೋಗುತ್ತಿದ್ದಳು. ಒಂದು ದಿನ, ಸುಸ್ತಾಗಿ ಬಂದ ದಂಪತಿಗೆ ಕೋಣೆ ತೋರಿಸುತ್ತ, “ನಾನೇ. ಅವನು ನಮ್ಮಮ್ಮನ ತಾತ. ಏನೀಗ?” ಎಂದುಬಿಟ್ಟಳು. ಆ ಹೆಂಗಸು ಅಮ್ಮನ ಕೈ ಹಿಡಿದು ಎಷ್ಟೋ ಹೊತ್ತು ಮಾತಾಡಿದಳು. ಅದಾದ ಕೆಲವು ದಿನಗಳಿಗೆ ಅಮ್ಮ ಚಿಕ್ಕಮ್ಮನ ಅಂಗಳಕ್ಕೆ ಹೋಗಿ, ಮಾತು ಬಿಟ್ಟಿದ್ದೇ ನೆನಪಿಲ್ಲದವಳ ಹಾಗೆ, ವಸತಿಗೃಹಕ್ಕೊಂದು ಬೋರ್ಡು ಬೇಕು ಎಂದಳು. ಏನು ಬರೆಯಲಿ ಎಂದಳು ಚಿಕ್ಕಮ್ಮ.

“‘ಸುಂಕದ ಮನೆ’ ಅಂತಾನೇ ಬರಿ. ಹೇಗೂ ಊರಿಗೆಲ್ಲ ಸಾರಿದ್ದೀಯಲ್ಲ. ಜನ ಕೇಳ್ಕೊಂಡು ಬರ್ತಾರೆ.”

ಅಕ್ಕತಂಗಿಯರಿಬ್ಬರೂ ಅವತ್ತು ನಕ್ಕದ್ದನ್ನು ನಾನು ನೋಡಿದ್ದೇನೆ. ಅಪ್ಪ ಆ ಬೋರ್ಡಿನ ಕೆಳಗೆ ಓಡಾಡಿದರೂ ಅದನ್ನು ಓದಿದವರಲ್ಲ. ನಿನ್ನ ಚಿಕ್ಕಮ್ಮನ ಹಟದಿಂದ ಸೇತುವೆಯ ಅರ್ಧ ಕತ್ತಲಲ್ಲಿ ಉಳಿಯಿತು ಎಂದು ಕೊನೆಯವರೆಗೂ ಹೇಳುತ್ತಿದ್ದರು. ಆ ವಿಷಯದಲ್ಲಿ ಅವರು ಹೇಳಿದ್ದು ಸುಳ್ಳೇನಲ್ಲ.

ಅಜ್ಜಿಯೂ ಈಗಿಲ್ಲ. ಚಿಕ್ಕಮ್ಮನ ಕೈ ನಡುಗುತ್ತದೆ. ಅದಕ್ಕೆ ಅವಳು ಕಂಡುಕೊಂಡ ಉಪಾಯ ಅಕ್ಷರವನ್ನು ಇನ್ನೂ ದೊಡ್ಡದು ಮಾಡುವುದು. ಪ್ರತಿ ಮಳೆಗಾಲ ಮುಗಿದ ಮೇಲೆ ಗೋಡೆಯನ್ನು ಹೊಸದಾಗಿ ಬರೆಯುತ್ತಾಳೆ. ಈ ಸಲ ಪುರಸಭೆಯ ಹೊಸ ಅಧಿಕಾರಿ ಬಂದು, ಸೇತುವೆಯಿಂದ ಕಾಣುವ ಮನೆಗಳೆಲ್ಲ ಒಂದೇ ಬಣ್ಣದಲ್ಲಿರಬೇಕು, ಚಂದ ಕಾಣಬೇಕು ಎಂದು ವಿನಯದಿಂದಲೇ ಹೇಳಿಹೋದ. ಯಾವ ಬಣ್ಣವಂತೆ ಎಂದು ಅವಳು ನನ್ನನ್ನು ಕೇಳಿದಳು. ಬಿಳಿ ಎಂದೆ.

“ಬಳಿಯೋಣ. ಕಪ್ಪು ಎದ್ದು ಕಾಣೋಕೆ ಬಿಳೀನೇ ಒಳ್ಳೇದು,” ಎಂದು ಏಣಿ ಹತ್ತಿದಳು. ಆ ವಯಸ್ಸಿನಲ್ಲಿ ಹತ್ತಬೇಡ ಎಂದರೆ ಕೇಳುವವಳಲ್ಲ. ನಾನು ಕೆಳಗೆ ಏಣಿ ಹಿಡಿದು ನಿಂತೆ.